ಗಡ್‌ಬಡ್ ಇರೋದು ನಿಮ್ಮಲ್ಲೇ!

ನಿಜ ಹೇಳಿ, 2024ರ ಡಿಸೆಂಬರ್ 21, ಶನಿವಾರ ರಾತ್ರಿ ಹತ್ತು ಗಂಟೆಗೆ ಎಲ್ಲಿದ್ರಿ? (ಗಾಬರಿ ಬೇಡ, ನಾನೇನೂ ಪೊಲೀಸ್ ಅಲ್ಲ.) ‘ಸಿಐಡಿನಾ? ಅದನ್ನ ಈಗ್ಲೂ ಯಾರ್ರೀ ನೋಡ್ತಾರೆ’ ಅಂತ ಸಂಜೆ ವಾಕಿಂಗಲ್ಲಿ ಭಾಷಣ ಬಿಗಿದವರು ನೀವೇ. ಹತ್ತಕ್ಕೆ ಐದು ನಿಮಿಷ ಇರುವಾಗ ಸೋಫಾ ಸಂದಿಯಲ್ಲಿ ರಿಮೋಟ್ ತಡಕಾಡ್ತಿದ್ದವರೂ ನೀವೇ. ಮನೆಯವರು ಸಾಕ್ಷಿ ಇದ್ದಾರೆ.

1998ರ ಜನವರಿಯಲ್ಲಿ ಸೋನಿ ಟಿವಿಯಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಪತ್ತೇದಾರಿ ಧಾರಾವಾಹಿ ಅದು. ಆರು ವರ್ಷ ಆದ್ಮೇಲೆ ಎರಡನೇ ಸೀಸನ್. ಕೈ ತಿರುಗಿಸ್ತಾ ‘ಕುಛ್ ತೋ ಗಡ್‌ಬಡ್ ಹೈ’ ಅನ್ನೋ ಎಸಿಪಿ ಪ್ರದ್ಯುಮನ್ ಬಂದ್ರು, ಅಭಿಜೀತ್ ಬಂದ, ದಯಾ ಆಗಿ ನಮ್ಮ ಕರಾವಳಿ ಮೂಲದ ದಯಾನಂದ ಶೆಟ್ರೂ ಬಂದ್ರು. ಅಭಿಜೀತ್ ದಯಾಗೇ ಗುಂಡು ಹೊಡೆಯೋ ಪ್ರೊಮೊ ನೋಡಿ ನೀವು ಕೇಳಿದ್ದೇನು? ‘ಪಾಪ, ಇನ್ಮೇಲೆ ಬಾಗಿಲು ಒಡೆಯೋರು ಯಾರು?’

ನಗಿಸೋ ಫ್ರೆಡ್ರಿಕ್ಸ್ ಮಾತ್ರ ಬರಲಿಲ್ಲ. ಆ ಪಾತ್ರ ಮಾಡ್ತಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರಲ್ಲೇ ತೀರಿಕೊಂಡಿದ್ರು. ಅಲ್ಲೊಂದು ಪೆದ್ದು ಜೋಕ್ ಇರಬೇಕಿತ್ತಲ್ಲ ಅಂತ ನೀವು ಒಂದು ಗಳಿಗೆ ಸುಮ್ಮನಾದ್ರಿ. ಅದನ್ನ ನಾನು ಅಣಕಿಸಲ್ಲ. ಅಣಕಿಸೋಕೆ ಬೇರೆ ಬೇಕಾದಷ್ಟಿದೆ.

2025ರ ಏಪ್ರಿಲ್ ನೆನಪಿದ್ಯಾ? ವಿಲನ್ ಬಾರ್ಬೋಸಾ ಇಟ್ಟ ಬಾಂಬಿಗೆ ಎಸಿಪಿ ಬಲಿ. ಚಾನೆಲ್‌ನವರು ‘1998–2025’ ಅಂತ ಶ್ರದ್ಧಾಂಜಲಿ ಪೋಸ್ಟರೇ ಹಾಕಿಬಿಟ್ರು. ಎಸಿಪಿ ಪಾತ್ರಧಾರಿ ಶಿವಾಜಿ ಸಾಟಮ್ ಗುಂಡುಕಲ್ಲಿನ ಹಾಗಿದ್ದಾರೆ ಅಂತ ಗೊತ್ತಿದ್ದೂ ಫ್ಯಾಮಿಲಿ ಗ್ರೂಪಿಗೆ ‘ಓಂ ಶಾಂತಿ’ ಕಳಿಸಿದ್ದು ಯಾರು? (ಊರಿಂದ ದೊಡ್ಡಮ್ಮ ‘ಯಾರ ಕಡೆಯೋರಪ್ಪಾ? ನಮಗೆ ಮೈಲಿಗೆ ಉಂಟಾ?’ ಅಂತ ಫೋನ್ ಮಾಡಿದ್ರಂತೆ.)

ಖಾಲಿ ಕುರ್ಚಿಗೆ ಪಾರ್ಥ್ ಸಮಥಾನ್ ಬಂದ. ಎಸಿಪಿ ಆಯುಷ್ಮಾನ್ ಅಂತ ಹೆಸರು. ಪಾಪ, ಹುಡುಗ ಇನ್ನೂ ಬಾಯಿ ತೆರೆದಿರಲಿಲ್ಲ, ಇತ್ತ ಸೋಫಾದಿಂದ ತೀರ್ಪು ಹೊರಟೇಹೋಯ್ತು: ‘ಇವ್ನಾ ಎಸಿಪಿ? ಕೈ ತಿರುಗಿಸೋಕೂ ಬರಲ್ಲ!’

ಸ್ವಲ್ಪ ತಡೀರಿ. ಹೊಸ ಸೊಸೆ ಮೊದಲನೇ ದಿನ ಮಾಡಿದ ಸಾರಿಗೂ ನಿಮ್ಮ ಮನೇಲಿ ಇದೇ ತೀರ್ಪಲ್ವಾ? ಹೊಸ ಮ್ಯಾನೇಜರ್ ಬಂದ ದಿನ ‘ಹಳೇ ಸಾಹೇಬ್ರ ಕಾಲ ಹೋಯ್ತು ಬಿಡಿ’ ಅಂದವರು ಯಾರು? (ಆ ಹಳೇ ಸಾಹೇಬ್ರು ರಿಟೈರಾದಾಗ ಪೇಡಾ ಹಂಚಿದವರೂ ತಾವೇ!)

ಲೆಕ್ಕಾನೇ ಹಾಕೋಣ. ಸಾಟಮ್ ಅವರಿಗೆ ಆಗ 74 ದಾಟಿತ್ತು. ನಿಮ್ಮ ಆಫೀಸಲ್ಲಿ 60 ಆದವರು ಎಕ್ಸ್‌ಟೆನ್ಷನ್ ಕೇಳಿದ್ರೆ ಹೊಟ್ಟೆ ಉರ್ಕೊಳ್ತೀರಿ, ಇಲ್ಲಿ ‘ಅವರೇ ಇರ್ಲಿ, ಪರ್ಮನೆಂಟಾಗಿ ಇರ್ಲಿ’ ಅಂತೀರಿ. ಮನುಷ್ಯ 1998ರಲ್ಲೂ ಎಸಿಪಿ, 2025ರಲ್ಲೂ ಎಸಿಪಿ. ನಿಮಗೆ ಒಂದು ಪ್ರಮೋಶನ್ ತಪ್ಪಿದ್ರೆ ಮನೇಲಿ ಮೂರು ದಿನ ಊಟ ಇಳಿಯಲ್ಲ, ಅವರ ಪ್ರಮೋಶನ್ ಬಗ್ಗೆ ಒಂದು ಮಾತಾಡಿದ್ರಾ?

ಅಲ್ಲಾ, ಕೊಲೆಗಾರ ಯಾರು ಅನ್ನೋದು ಮೊದಲ ಬ್ರೇಕಿಗೇ ನಿಮಗೆ ಗೊತ್ತಿರುತ್ತೆ. (ಪೊಲೀಸ್ರಿಗೆ ಸಿಕ್ಕಾಪಟ್ಟೆ ಸಹಾಯ ಮಾಡ್ತಾನಲ್ಲ, ಅವ್ನೇ.) ಆದ್ರೂ ಏಳಲ್ಲ. ಆ ಕೈ ತಿರುಗಬೇಕು, ಆ ಬಾಗಿಲು ಮುರೀಬೇಕು, ಫೊರೆನ್ಸಿಕ್ ಡಾಕ್ಟರ್ ಸಾಳುಂಕೆ ರೇಗಬೇಕು. ಆಮೇಲೇ ನಿಮಗೆ ನಿದ್ದೆ. ಹೀಗಿರುವಾಗ ಎಸಿಪಿಯನ್ನ ಸಾಯೋಕೆ ಬಿಡ್ತೀರಾ? ಬಿಡಲಿಲ್ಲ. ಹೆಚ್ಚು ದಿನ ಆಗಲಿಲ್ಲ, ಶ್ರದ್ಧಾಂಜಲಿ ಹಾಕಿಸಿಕೊಂಡವರು ಎದ್ದು ವಾಪಸ್ ಬಂದೇಬಿಟ್ರು. ‘ನಾನ್ ಹೇಳ್ಲಿಲ್ವಾ’ ಅಂದ್ರಿ. (‘ಓಂ ಶಾಂತಿ’ ಡಿಲೀಟ್ ಮಾಡಿದ್ದು ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?)

ಗಡ್‌ಬಡ್ ಎಲ್ಲಿದೆ ಅಂತ ಗೊತ್ತಾಯ್ತಲ್ಲ? (ಮಂಗಳೂರಿನ ಐಸ್‌ಕ್ರೀಮ್ ಅಲ್ಲ ಸ್ವಾಮಿ!) ಕೇಸ್ ಕ್ಲೋಸ್, ಅಪರಾಧಿ ನೀವೇ. ಶಿಕ್ಷೆ ದೊಡ್ಡದೇನಿಲ್ಲ. ಟಿವಿಗಾಗ್ಲಿ, ಆಫೀಸಿಗಾಗ್ಲಿ, ಅಡುಗೆಮನೆಗಾಗ್ಲಿ, ಹೊಸಬರು ಯಾರೇ ಬಂದ್ರೂ ನಾಲ್ಕು ಎಪಿಸೋಡ್ ಬಾಯಿ ಮುಚ್ಕೊಂಡು ನೋಡಿ. ಬೈಯೋದೇನಿದ್ರೂ ಐದನೇದರಿಂದ.