ಅಜ್ಜಿ ಮನೆಯಲ್ಲಿಲ್ಲವಂತೆ!

ಶಿಕಾಗೋದಂಥ ಚಳಿಯೂರಿನಲ್ಲಿ ಗಂಡ-ಹೆಂಡಿರ ಜಗಳಕ್ಕೆ ಸಾರಿನ ಉಪ್ಪೇ ಬೇಕಿಲ್ಲ, ಗೋಡೆಯ ಥರ್ಮೋಸ್ಟಾಟ್ ಸಾಕು. ಅವನಿಗೆ 68 ಡಿಗ್ರಿ ಫ್ಯಾರನ್‌ಹೀಟ್, ಅವಳಿಗೆ 72. ಈಗ ಅದೂ ಸ್ಮಾರ್ಟ್ ಆಗಿ ದೀಪ, ಬೀಗ, ಫೋನುಗಳ ಜತೆ ಒಂದೇ ಜಾಲಕ್ಕೆ ಸೇರುತ್ತಿದೆ. ಸೇರಿಸುವುದೇನು ಸುಲಭವೆ? ಅನೇಕ ಹಳೇ ಮನೆಗಳ ಗೋಡೆ ನೋಡಿದರೆ ಥರ್ಮೋಸ್ಟಾಟಿಗೆ ಸದಾ ವಿದ್ಯುತ್ ಒದಗಿಸಲು ಬೇಕಾದ 'ಸಿ ವೈರ್' ಇರುವುದೇ ಇಲ್ಲ. 24 ವೋಲ್ಟಿನ ಆ ಬಡಪಾಯಿ ತಂತಿಯಿಲ್ಲದೆ ಎಷ್ಟೋ ಯಂತ್ರಗಳಿಗೆ ಜೀವವೇ ಬಾರದು.

ಸೇರಿದ ಮೇಲಿನ ಕಥೆ ಇನ್ನೂ ಸೊಗಸು. ಎಲ್ಲರ ಫೋನೂ ಹೊರಗೆ ಹೋದರೆ ಮನೆ ಖಾಲಿ ಎಂದು ಥರ್ಮೋಸ್ಟಾಟಿನ ಲೆಕ್ಕ. ಕೂಡಲೇ ಬಿಸಿ ತಗ್ಗಿಸುತ್ತದೆ. ಊರಿಂದ ಬಂದ ಅಜ್ಜಿಯ ಬಳಿ ಫೋನೆಲ್ಲಿದೆ? "ಚಲನೆ ಗುರುತಿಸೋ ಸೆನ್ಸರ್ ಇದೆ ಅಜ್ಜಿ" ಎನ್ನುತ್ತಾನೆ ಮೊಮ್ಮಗ. ಕಣ್ಮುಚ್ಚಿ ಜಪಕ್ಕೆ ಕೂತವರು ಅಲುಗಾಡಿದರೆ ತಾನೆ!

"ಗುಂಡುಕಲ್ಲಿನ ಹಾಗೆ ಇಲ್ಲೇ ಕೂತಿದ್ದೀನಿ, ಇದಕ್ಕೆ ಕಾಣಲ್ವೇನೋ?"

ಕಾವು ಅಳೆಯುವ ಇನ್ನೊಂದು ಸೆನ್ಸರನ್ನು ಅಡುಗೆಮನೆಯಲ್ಲಿಟ್ಟರೋ, ದೋಸೆ ಹೆಂಚಿನ ಕಾವಿಗೆ ಮನೆಯೆಲ್ಲ ಬೆಚ್ಚಗಿದೆ ಎಂದು ನಂಬಿ ಫರ್ನೇಸ್ ಆರಿಸಿಬಿಡುತ್ತದೆ. ಮಲಗುವ ಕೋಣೆಯವರು ರಗ್ಗಿನೊಳಗೆ ಗಡಗಡ.

1883ರಲ್ಲಿ ವಿಸ್ಕಾನ್ಸಿನ್‌ನ ಮೇಷ್ಟ್ರು ವಾರನ್ ಜಾನ್ಸನ್ ಪೇಟೆಂಟ್ ಪಡೆದ ಥರ್ಮೋಸ್ಟಾಟಿನ ವ್ಯವಸ್ಥೆ ಇದಕ್ಕಿಂತ ಸರಳ. ತರಗತಿಯ ಕಾವು ಏರುಪೇರಾದರೆ ಬಾಯ್ಲರ್ ಕೋಣೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಒಬ್ಬ ಮನುಷ್ಯ ಎದ್ದು ಬೆಂಕಿ ಸರಿಮಾಡುತ್ತಿದ್ದ. ಅವನಿಗೆ ವೈಫೈ ಕಡಿದುಹೋಗುವ ಕಾಟವಿರಲಿಲ್ಲ. ಬಂದರೆ ನಿದ್ದೆ ಬರುತ್ತಿತ್ತೇನೋ, ಅಷ್ಟೆ.