ಕಾಣದ ಗುಮಾಸ್ತ

ಗಾಂಧಿ ಬಜಾರಿನಲ್ಲೊಂದು ಚಟ್ನಿಪುಡಿ ಅಂಗಡಿ. ಗಲ್ಲಾದ ಹಿಂದೆ ಮಾವ, ಮುಂದೆ ಮೊಬೈಲು ಹಿಡಿದ ಅಳಿಯ.

"ವರ್ಚುವಲ್ ಅಸಿಸ್ಟೆಂಟ್ ಅಂದ್ರೆ ಏನೋ?"

"ಅಂಗಡಿಗೆ ಬರಲ್ಲ ಮಾವ, ಮನೇಲೇ ಕೂತು ಕೆಲಸ ಮಾಡ್ತಾರೆ."

"ಅಂಗಡಿಗೆ ಬರದೇ ಇರೋನು ಆಗಲೇ ಒಬ್ಬ ಇದ್ದಾನಲ್ಲ. ನೀನು!"

ಅಳಿಯ ಕೆಮ್ಮಿದ. "ವಾಟ್ಸಾಪ್ ಆರ್ಡರ್ ಬರ್ಕೋತಾರೆ, ಕೊರಿಯರ್‌ನವರ ಬೆನ್ನು ಹತ್ತುತ್ತಾರೆ, ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಹಾಕ್ಬೇಕು ಅಂತ ನೆನಪಿಸ್ತಾರೆ. ಗಂಟೆ ಲೆಕ್ಕದಲ್ಲಿ ಕೊಟ್ರೆ ಸಾಕು."

"ಕಾಫಿ ಕುಡಿಯೋ ಗಂಟೆಗೂ ನಾನೇ ಕೊಡಬೇಕಾ?"

"ಹಾಗಾದ್ರೆ ಏಜೆನ್ಸಿ. ಒಬ್ಬರು ರಜೆ ಹಾಕಿದ್ರೆ ಇನ್ನೊಬ್ಬರನ್ನ ಕೊಡ್ತಾರೆ. ಕಮಿಷನ್ ಇರುತ್ತೆ."

"ಬೇಡ. ನಾಲ್ಕು ಭಾಷೆ ಬರೋ, ಟ್ಯಾಲಿ ಗೊತ್ತಿರೋ, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತೋ ಹುಡುಗಿ ಇದ್ರೆ ನೋಡು."

"ಸಂಬಳ?"

"ಮೂರು ಸಾವಿರ. ದೀಪಾವಳಿಗೆ ಕಾಲು ಕೆಜಿ ಚಟ್ನಿಪುಡಿ."

(ಮಾವ ಹೆಣ್ಣು ನೋಡೋಕೆ ಬಂದಾಗಲೂ ಇಷ್ಟು ಪಟ್ಟಿ ತಂದಿರಲಿಲ್ಲವಂತೆ. ಅತ್ತೆ ಹೇಳಿದ್ದು.)

"ಮೊದಲು ಒಂದು ವಾರ ದುಡ್ಡು ಕೊಟ್ಟೇ ಪರೀಕ್ಷೆ ಮಾಡೋಣ ಮಾವ. ಒಂದೇ ಕೆಲಸ, ಆರ್ಡರ್ ಪಟ್ಟಿ. ಬ್ಯಾಂಕಿನ ಪಾಸ್‌ವರ್ಡು, ಒಟಿಪಿ ಮಾತ್ರ ಯಾರಿಗೂ ಕೊಡಬಾರದು."

"ಪಾಸ್‌ವರ್ಡು ಯಾಕೆ ಕೊಡ್ಲಿ? ಗಣಪತಿ ಪಟದ ಕೆಳಗೆ ಬರೆದೇ ಇದೆಯಲ್ಲ."

"ಸರಿ, ಆರ್ಡರ್ ಪಟ್ಟಿ ಎಲ್ಲಿ?"

ಮಾವ ಕ್ಯಾಲೆಂಡರಿನ ಹಿಂಬದಿ ತೋರಿಸಿದರು. ಅರ್ಧ ಅಲ್ಲಿತ್ತು, ಮಿಕ್ಕಿದ್ದು ಅವರ ತಲೆಯಲ್ಲಿ. ಅಲ್ಲಿಗೆ ಇಂಟರ್ನೆಟ್ ಇನ್ನೂ ತಲುಪಿಲ್ಲ.

ಹುದ್ದೆ ಖಾಲಿಯೇ ಇದೆ. ಆಸಕ್ತರು ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದು ಹೋಗಬಹುದು. ಪೆನ್ನು ನೀವೇ ತನ್ನಿ.