ಕುಲ್‌ಕುಲ್ ಬಂತು, ಗುಳಿಗೆ ಯಾರು ತರ್ತಾರ?

ಕ್ರಿಸ್‌ಮಸ್ ಬಂತೆಂದರೆ ಬೆಳಗಾವಿ ಕ್ಯಾಂಪಿನ ಅಜ್ಜ-ಅಜ್ಜಿಯರಿಗೆ ಪ್ರೀತಿಯ ಮಹಾಪೂರ. ಪಕ್ಕದ ಕ್ರೈಸ್ತರ ಮನೆಯಿಂದ ಕೇಕು, ನೆವ್ರಿ, ಕುಲ್‌ಕುಲ್ ತುಂಬಿದ ತಟ್ಟೆ ಬರುತ್ತದೆ. ಅಜ್ಜನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಹಲ್ಲಿಲ್ಲ. ತಟ್ಟೆ ಖಾಲಿ ಮಾಡುವವನು ಮೊಮ್ಮಗ. ಆದರೆ ಬೈಬಲಿನ ಯಾಕೋಬನ ಪತ್ರಿಕೆ ಕಷ್ಟದಲ್ಲಿರುವ ವಿಧವೆಯರನ್ನು ವಿಚಾರಿಸಿಕೊಳ್ಳಲು ಹೇಳುತ್ತದೆಯೇ ಹೊರತು, ಡಿಸೆಂಬರ್ 25ಕ್ಕೆ ಮಾತ್ರ ಎನ್ನುವುದಿಲ್ಲ.

ನಿಜವಾಗಿ ಅವರ ಮನೆಗೆ ಹೋಗಬೇಕಾದದ್ದು ನವೆಂಬರಿನಲ್ಲಿ. ಆಗ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಸರ್ಕಾರವನ್ನು ನಂಬಿಸಬೇಕು. ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ ಮೊಬೈಲಿಗೆ ಮುಖ ತೋರಿಸಿ ಜೀವನ ಪ್ರಮಾಣಪತ್ರ ಸಲ್ಲಿಸಬಹುದು. ಆದರೆ ಮೊಬೈಲು ಹಿಡಿಯಲು ಒಬ್ಬ ನೆರೆಯವ ಬೇಕಲ್ಲ!

“ಅಜ್ಜಾರ, ಕಣ್ಣು ಮಿಟುಕಿಸ್ರಿ.”

“ಈ ವಯಸ್ಸಿನಾಗ ಯಾರಿಗೆ ಮಿಟುಕಿಸ್ಲೋ ತಮ್ಮಾ?”

ಮಳೆಗಾಲದಲ್ಲೂ ಅಷ್ಟೇ. ಹತ್ತಿರದ ಖಾನಾಪುರದಲ್ಲಿ ಮಳೆ ಹಿಡಿದರೆ ಬೇಗ ಬಿಡದು. ಆಗ ಸೋರುವ ಹೆಂಚು ಸರಿಮಾಡುವವ, ಗುಳಿಗೆ ತಂದುಕೊಡುವವ, ಬೆಳಗಾವಿಯ ಆಸ್ಪತ್ರೆಗೆ ಜೊತೆ ಹೋಗಿ ಚೀಟಿ ಮಾಡಿಸುವವ ಬೇಕು. ಭಾನುವಾರ ಇಗರ್ಜಿಗೆ ಹೊರಟ ಕಾರಿನಲ್ಲಿ ಒಂದು ಸೀಟು ಕೊಟ್ಟರೂ ಸಾಕು.

ಎಲ್ಲಕ್ಕಿಂತ ದೊಡ್ಡ ಸೇವೆ, ಅಜ್ಜಿಯ ಹಳೇ ಕಥೆಯನ್ನು ಈಗಷ್ಟೇ ಕೇಳುತ್ತಿರುವಂತೆ ಬಾಯಿಬಿಟ್ಟು ಕೇಳುವುದು. ಅದಕ್ಕೆ ಗಟ್ಟಿ ವಿಶ್ವಾಸ ಬೇಕು. ಗುಡ್ಡ ಸರಿಸಲು ಸಾಸಿವೆಯಷ್ಟಿದ್ದರೂ ನಡೆದೀತು!